ಜೂನ್‌ನಲ್ಲಿ ನೆಟ್ಟ ಟೊಮೇಟೊ ಯಾಕೆ ಬಾಡುತ್ತದೆ?

ಹಿತ್ತಿಲು: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಅಕ್ಕ, ಮದುವೆಯಾಗಿ ಕೊಡಗಿನ ಸುಂಟಿಕೊಪ್ಪಕ್ಕೆ ಬಂದು ಎರಡು ವರ್ಷ. ತವರು ಮಂಡ್ಯ ಕಡೆ. ಎರಡು ವರ್ಷವೂ ಜೂನ್‌ನಲ್ಲಿ ಟೊಮೇಟೊ, ಬದನೆ, ಮೆಣಸಿನ ಸಸಿ ನೆಟ್ಟೆ. ಒಂದು ಕಾಯಿಯೂ ಕೈಗೆ ಬರಲಿಲ್ಲ. ಚೆನ್ನಾಗಿ ಹಸಿರಾಗಿದ್ದ ಗಿಡ ಒಂದೇ ದಿನದಲ್ಲಿ ಬಾಡಿ ಬಿದ್ದುಬಿಡುತ್ತದೆ. ಇಲ್ಲಿನ ಮಣ್ಣೇ ತರಕಾರಿಗೆ ಆಗದೇ?
*ಗೃಹಿಣಿ, ಸುಂಟಿಕೊಪ್ಪ*

ಮಣ್ಣನ್ನು ಬೈಯಬೇಡ ತಂಗಿ, ನೀನು ನೆಟ್ಟ ತಿಂಗಳು ತಪ್ಪು. ನಿನ್ನ ತವರಿನಲ್ಲಿ ಮಳೆ ಬಂತೆಂದರೆ ಬಿತ್ತುತ್ತಾರೆ. ನಮ್ಮಲ್ಲಿ ಮಳೆ ಬರುವ ಮೊದಲೇ ನೆಟ್ಟು ಮುಗಿಸಬೇಕು, ಇಲ್ಲವೇ ಮಳೆ ಬಿಡುವ ತನಕ ಕಾಯಬೇಕು. ಇಲ್ಲಿ ಮಳೆಗೆ ಇಂಚು, ಸೆಂಟು ಲೆಕ್ಕ, ನೂರು ಸೆಂಟಿಗೆ ಒಂದು ಇಂಚು. ಜುಲೈನಲ್ಲಿ ಒಂದೇ ರಾತ್ರಿಗೆ ಮೂರು ನಾಲ್ಕು ಇಂಚು ಬೀಳುವುದು ನಮ್ಮ ಮಾದಾಪುರ ಕಡೆ ಹೊಸತೇನಲ್ಲ. ಅಷ್ಟು ನೀರು ಕುಡಿದ ಮಣ್ಣಿನಲ್ಲಿ ಟೊಮೇಟೊ ಬೇರಿಗೆ ಗಾಳಿಯೇ ಸಿಗುವುದಿಲ್ಲ.

ಹಸಿರಾಗಿದ್ದ ಗಿಡ ಒಂದೇ ದಿನದಲ್ಲಿ ಬಾಡಿತು ಅಂದೆಯಲ್ಲ, ಅದಕ್ಕೆ ಒಂದು ಪರೀಕ್ಷೆ ಹೇಳುತ್ತೇನೆ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸು. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಹಿಡಿ, ಅಲ್ಲಾಡಿಸಬೇಡ. ಐದು ನಿಮಿಷದೊಳಗೆ ಕಾಂಡದಿಂದ ಹಾಲಿನ ಎಳೆಯಂಥದ್ದು ಸಣ್ಣಗೆ ಕೆಳಗೆ ಇಳಿದರೆ ಅದು ದುಂಡಾಣು ಸೊರಗು ರೋಗ. ಮೊದಲ ಸಲ ನಾನು ನೋಡಿದಾಗ ಬೆಳಕಿಗೆ ಎದುರಾಗಿ ಹಿಡಿದಿದ್ದೆ. ಹೊಗೆ ಮೇಲೇಳುತ್ತದೆ, ಇದು ಹೊಗೆಯ ಹಾಗೇ ಇದ್ದರೂ ಕೆಳಗೆ ಇಳಿಯುತ್ತಿತ್ತು. ಈ ರೋಗಕ್ಕೆ ಔಷಧಿ ಹೊಡೆದು ಪ್ರಯೋಜನವಿಲ್ಲ. ಗಿಡವನ್ನು ಬೇರು ಸಮೇತ ಕಿತ್ತು ಸುಡು. ಆ ಮಡಿಯಲ್ಲಿ ಎರಡು ಮೂರು ವರ್ಷ ಟೊಮೇಟೊ, ಬದನೆ, ಮೆಣಸು, ಆಲೂಗೆಡ್ಡೆ ಯಾವುದನ್ನೂ ಹಾಕಬೇಡ, ಎಲ್ಲ ಒಂದೇ ಬಳಗದವು. ಬೀನ್ಸ್, ಹರಿವೆ, ಮೂಲಂಗಿ ಹಾಕು. ಟೊಮೇಟೊಗೆ ಬೇರೆ ಮಡಿ ಏರಿಸಿ, ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ತಳಿ ಸಿಕ್ಕಿದರೆ ಅದನ್ನೇ ತಾ. ಸೊರಗು, ಎಲೆ ಮುರುಟು, ಎಲೆ ಚುಕ್ಕೆಯ ಅಂಗಮಾರಿ ಮೂರನ್ನೂ ತಡೆಯುವ ಶಕ್ತಿ ಅದಕ್ಕಿದೆ.

ಕಾಲದ ಲೆಕ್ಕವನ್ನು ನನಗೆ ಅತ್ತೆ ಹಬ್ಬದ ಮೇಲೆ ಹೇಳಿಕೊಟ್ಟರು, ನಿನಗೂ ಹಾಗೇ ಹೇಳುತ್ತೇನೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಕಳೆದ ಮೇಲೆ, ಸೂರಿನ ಅಡಿಯಲ್ಲಿ ಟ್ರೇಗೆ ಟೊಮೇಟೊ ಬೀಜ ಹಾಕು. ತುಲಾ ಸಂಕ್ರಮಣಕ್ಕೆ, ಅಂದರೆ ಅಕ್ಟೋಬರ್ ನಡುವಿಗೆ, ಸಸಿ ಗೇಣುದ್ದ ಆಗಿರುತ್ತದೆ. ಆಗ ಮಡಿಗೆ ಇಳಿಸು. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿನ ಸುಗ್ಗಿ ಹಬ್ಬ ಹುತ್ತರಿ ಕಳೆದು ಸ್ವಲ್ಪ ದಿನಕ್ಕೆ ಹಣ್ಣು ಶುರು.

ಹಾಗಾದರೆ ಮಳೆಗಾಲಕ್ಕೆ ಏನು? ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಕೂಡಲೇ ಕುಂಬಳ ಊರು, ಜಡಿಮಳೆಗೆ ಮೊದಲೇ ಬಳ್ಳಿ ಓಡಿರುತ್ತದೆ. ಅರಿಶಿನ, ಸುವರ್ಣಗೆಡ್ಡೆ, ಕೆಸು ಮೇ ತಿಂಗಳೊಳಗೆ ಮಣ್ಣಿಗೆ ಸೇರಲಿ. ಸೀಮೆಬದನೆಯ ಬೀಜ ಬೇರೆ ಮಾಡಿ ನೆಡುವಂಥದ್ದಲ್ಲ. ಮೊಳಕೆ ಬಂದ ಇಡೀ ಕಾಯಿಯನ್ನೇ ಮಲಗಿಸಿ, ಅರ್ಧ ಮಣ್ಣಿನಲ್ಲಿ ಹೂತು, ಗಟ್ಟಿ ಚಪ್ಪರ ಹಾಕು. ಗಾಂಧಾರಿ ಮೆಣಸನ್ನು ನೀನು ಬಿತ್ತಬೇಕಾಗಿಯೂ ಇಲ್ಲ, ಹಕ್ಕಿಗಳು ತಂದು ಹಾಕುತ್ತವೆ. ಎದ್ದ ಗಿಡವನ್ನು ಕೀಳದೆ ಬಿಡು, ಸಾಕು.

ಮಣ್ಣಿಗೆ ಮಾಡಬೇಕಾದ್ದು ಒಂದಿದೆ. ಇಷ್ಟು ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಮಳೆ ತಗ್ಗಿದ ಮೇಲೆ ಹತ್ತಡಿ ಉದ್ದ, ಮೂರಡಿ ಅಗಲದ ಮಡಿಗೆ ಅರ್ಧ ಕೆ.ಜಿ. ಕೃಷಿ ಸುಣ್ಣ ಎರಚಿ ಮಣ್ಣಿಗೆ ಬೆರೆಸು. ಅದೇ ದಿನ ಹಟ್ಟಿಗೊಬ್ಬರ ಹಾಕಬೇಡ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಬಿಟ್ಟು ಹಾಕು. ಸರಿಯಾದ ಅಳತೆ ಬೇಕಿದ್ದರೆ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸು.

ಶನಿವಾರಸಂತೆಯಲ್ಲಿ ನಮ್ಮ ಮನೆ. ಆಫ್ರಿಕನ್ ಬಸವನಹುಳು ರಾತ್ರಿ ಬಂದು ಎಲೆಕೋಸು, ಬೀನ್ಸ್ ಎಲ್ಲ ಬೋಳಿಸಿ ಹೋಗುತ್ತಿದೆ. ಉಪ್ಪು ಎರಚಿ ಎನ್ನುತ್ತಾರೆ. ಸರಿಯೇ?
*ಶಿಕ್ಷಕರು, ಶನಿವಾರಸಂತೆ*

ಮಣ್ಣಿಗೆ ಉಪ್ಪು ಬೇಡ ಸರ್, ಹುಳು ಸತ್ತರೂ ಮಡಿ ಕೆಡುತ್ತದೆ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪ್ಪಾಯಿ ಎಲೆ ಇಡಿ. ಪಪ್ಪಾಯಿ ಎಲೆಗೆ ಅವು ಓಡೋಡಿ ಬರುತ್ತವೆ. ರಾತ್ರಿ ಎಂಟು ಗಂಟೆಗೆ ಟಾರ್ಚ್ ಹಿಡಿದು ಒಮ್ಮೆ, ಬೆಳಗ್ಗೆ ಬಿಸಿಲೇರುವ ಮೊದಲು ಇನ್ನೊಮ್ಮೆ ಆರಿಸಿ, ಬಕೆಟ್ಟಿನ ಉಪ್ಪುನೀರಿಗೆ ಹಾಕಿ. ಆಮೇಲೆ ಗುಂಡಿ ತೋಡಿ ಹೂಳಿ. ಬರಿಗೈಯಲ್ಲಿ ಮುಟ್ಟಲೇಬೇಡಿ. ಮಿದುಳಿಗೆ ತೊಂದರೆ ಮಾಡುವ ಜಂತು ಅವುಗಳ ಮೈಯಲ್ಲಿ ಇರಬಹುದು. ಮಕ್ಕಳಿಗೆ ಇದನ್ನು ಖಂಡಿತ ಹೇಳಿ, ಎಲೆ ತರಕಾರಿಯನ್ನು ಚೆನ್ನಾಗಿ ತೊಳೆದೇ ಬೇಯಿಸಿ. ಒಬ್ಬರ ಮನೆಯಲ್ಲಿ ಆರಿಸಿದರೆ ಪಕ್ಕದ ಮನೆಯಿಂದ ಬರುತ್ತವೆ. ಆದ್ದರಿಂದ ಬೀದಿಯವರೆಲ್ಲ ಒಂದೇ ವಾರ ಕೈಹಾಕಬೇಕು.

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಊರಿಗೆ ಬಂದಾಗ ಹಿತ್ತಿಲ ಕೆಸುವಿನ ಸೊಪ್ಪು ಕೊಯ್ದು ಸಾರು ಮಾಡಿದೆ. ಊಟಕ್ಕೆ ಕೂತವರೆಲ್ಲ ಗಂಟಲು ಕೆರೆದುಕೊಂಡರು. ಅಮ್ಮ ಮಾಡಿದರೆ ಹೀಗೆ ಆಗುತ್ತಿರಲಿಲ್ಲ. ನಾನು ತಪ್ಪಿದ್ದೆಲ್ಲಿ?
*ಮೈಸೂರಿನಿಂದ, ಊರು ನಾಪೋಕ್ಲು*

ಅಮ್ಮ ಬಲಿತ ಎಲೆ ಕೊಯ್ಯುತ್ತಿರಲಿಲ್ಲ ಮಗಳೇ. ಇನ್ನೂ ಸುರುಳಿ ಬಿಚ್ಚದೆ ಬೀಡಿಯ ಹಾಗೆ ಸುತ್ತಿಕೊಂಡಿರುವ ಎಳೆ ಎಲೆ ಇರುತ್ತದಲ್ಲ, ಅದನ್ನು ಆರಿಸಬೇಕು. ಕೆಸುವಿನಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿವೆ, ಗಂಟಲಿಗೆ ಚುಚ್ಚುವುದು ಅವೇ. ಹುಳಿ ಬಿದ್ದು, ತುಂಬಾ ಹೊತ್ತು ಬೆಂದರೆ ಮಾತ್ರ ಅದರ ಕಾಟ ತಗ್ಗುತ್ತದೆ. ಕೊನೆಗೆ ಹುಳಿ ಹಾಕಿದರಾಯಿತು ಎಂದು ಬಿಡಬೇಡ, ಬೇಯುವಾಗಲೇ ಹುಣಸೆ ಅಥವಾ ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಸೇರಲಿ. ಸೊಪ್ಪು ಕರಗಿ, ಸೌಟಿನಲ್ಲಿ ಎತ್ತಿದರೆ ಎಲೆ ಯಾವುದು, ದಂಟು ಯಾವುದು ತಿಳಿಯದಷ್ಟು ಬೇಯಬೇಕು. ಹೆಚ್ಚುವಾಗ ಕೈಗೆ ತೆಂಗಿನೆಣ್ಣೆ ಸವರಿಕೋ. ಕೆಸುವಿನಲ್ಲೂ ಜಾತಿ ಬೇರೆ ಬೇರೆ. ಹೊಳೆ ಬದಿಯ ಕಾಡು ಕೆಸು ಏನು ಮಾಡಿದರೂ ತುರಿಸುತ್ತದೆ. ನಿಮ್ಮ ಹಿತ್ತಿಲಿನದು ಅಮ್ಮ ನೆಟ್ಟದ್ದೇ, ತಾನಾಗಿ ಎದ್ದದ್ದೇ ಅಂತ ಒಮ್ಮೆ ಕೇಳಿ ನೋಡು.

ಮನೆ ಸುತ್ತ ಹತ್ತು ಕಾಳುಮೆಣಸಿನ ಬಳ್ಳಿ, ಎರಡು ಕಿತ್ತಳೆ ಗಿಡ ಇವೆ. ಇಷ್ಟಕ್ಕೆ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ಹೇಗೆ? ತೋಟದವರು ಡ್ರಮ್ಮಿನ ಲೆಕ್ಕ ಹೇಳುತ್ತಾರೆ.
*ವಿರಾಜಪೇಟೆ*

ನೂರು ಲೀಟರಿನ ಲೆಕ್ಕವನ್ನೇ ಹತ್ತರಲ್ಲಿ ಒಂದು ಪಾಲು ಮಾಡಿ. ಹತ್ತು ಲೀಟರಿಗೆ ಮೈಲುತುತ್ತು 100 ಗ್ರಾಂ, ಚೆನ್ನಾಗಿ ಅರಳಿದ ಸುಣ್ಣ 100 ಗ್ರಾಂ. ಎರಡು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಐದೈದು ಲೀಟರ್ ನೀರಿಗೆ ಬೇರೆ ಬೇರೆ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ. ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತ ಕೋಲಿನಿಂದ ತಿರುವಿ. ತಿಳಿ ಆಕಾಶದ ಬಣ್ಣ ಬರುತ್ತದೆ. ಈಗ ಉಜ್ಜಿ ತೊಳೆದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕತ್ತಿ ಹಾಗೇ ಬೆಳ್ಳಗಿದ್ದರೆ ಸರಿ. ತುಕ್ಕಿನ ಹಾಗೆ ಕೆಂಪು ಹತ್ತಿದರೆ ತಾಮ್ರ ಹೆಚ್ಚಿದೆ, ಎಲೆ ಸುಡುತ್ತದೆ. ಕೆಂಪು ಹತ್ತುವುದು ನಿಲ್ಲುವ ತನಕ ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಿ, ಮರುದಿನಕ್ಕೆ ಇಡಬೇಡಿ. ಮಳೆ ಹಿಡಿಯುವ ಮೊದಲು, ಮೇ ಕೊನೆಗೆ ಒಂದು ಸಲ ಆಗಲೇಬೇಕು. ಬುಡದಲ್ಲಿ ನೀರು ನಿಲ್ಲುವ ಬಳ್ಳಿಯನ್ನು ಬೋರ್ಡೋ ಒಂದೇ ಉಳಿಸಲಾರದು, ಮೊದಲು ಕಾಲುವೆ ಬಿಡಿಸಿ.

ಕಕ್ಕಡದ ಪಾಯಸಕ್ಕೆ ಬಳಸುವ ಆಟಿ ಸೊಪ್ಪನ್ನು ಮನೆಯಲ್ಲೇ ಬೆಳೆಸಬಹುದೇ?
*ಕುಶಾಲನಗರ*

ಬೆಳೆಸಬಹುದು, ಬಹಳ ಸುಲಭ. ಬಲಿತ ಕಡ್ಡಿಯನ್ನು ಮಳೆಗಾಲದಲ್ಲಿ ನೆರಳಿಗೆ ಚುಚ್ಚಿದರೆ ಬೇರು ಬಿಡುತ್ತದೆ. ನಿಮ್ಮ ಕಡೆ ಮಳೆ ಕಡಿಮೆ, ಬೇಸಿಗೆಯಲ್ಲಿ ನೀರು ಕೊಡಿ. ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರಕ್ಕೆ, ಸೊಪ್ಪು ಕುದಿಸಿದ ನೇರಳೆ ನೀರಿನಲ್ಲಿ ಪಾಯಸ ಮಾಡಿ. ಮೊದಲ ಸಲ ಉಣ್ಣುವ ನೆಂಟರಿಗೆ ಮೂತ್ರ ಕೆಂಪಗಾಗುತ್ತದೆ ಎಂದು ಮೊದಲೇ ಹೇಳಿಬಿಡಿ, ಗಾಬರಿಯಾಗುತ್ತಾರೆ.

ನಿವೃತ್ತನಾಗಿ ಮಡಿಕೇರಿಯಲ್ಲಿ ಮನೆ ಕಟ್ಟಿಸಿದ್ದೇನೆ. ಹಿಂದೆ ಇಳಿಜಾರಿನಲ್ಲಿ ಐದು ಸೆಂಟು ಜಾಗ ಉಳಿದಿದೆ. ಶುಕ್ರವಾರದ ಸಂತೆಯಲ್ಲಿ ಎಲ್ಲ ತರಕಾರಿ ಸಿಗುತ್ತದೆ. ಗೊಬ್ಬರ, ಬೇಲಿ, ಆಳಿನ ಕೂಲಿ ಸೇರಿಸಿದರೆ ಹಿತ್ತಿಲ ತರಕಾರಿಯೇ ದುಬಾರಿ. ಹೆಂಡತಿಗೆ ಮಾತ್ರ ಹಿತ್ತಿಲು ಬೇಕೇ ಬೇಕು. ನೀವೇನು ಹೇಳುತ್ತೀರಿ?
*ಮಡಿಕೇರಿ*

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ ಅಣ್ಣ. ಆದರೂ ನಾನು ಅತ್ತಿಗೆಯ ಕಡೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿ ರಸ್ತೆ ಮುಚ್ಚಿತು, ನಿಮಗೆ ನೆನಪಿರಬಹುದು. ನಮ್ಮ ಮನೆಗೆ ಏನೂ ಆಗಲಿಲ್ಲ. ಮೇಲಿನ ಎರಡು ಮನೆಯವರು ಉಟ್ಟ ಬಟ್ಟೆಯಲ್ಲಿ ನಮ್ಮಲ್ಲಿಗೆ ಇಳಿದು ಬಂದರು. ಹನ್ನೊಂದು ಜನ, ಕರೆಂಟಿಲ್ಲ, ಅಂಗಡಿಗೆ ದಾರಿಯಿಲ್ಲ. ಅಕ್ಕಿ ಇತ್ತು. ಅಟ್ಟದಲ್ಲಿ ಬೂದಿ ಬಳಿದು ಇಟ್ಟಿದ್ದ ಕುಂಬಳಕಾಯಿ ಏಳಿದ್ದವು. ಚಪ್ಪರದಲ್ಲಿ ಸೀಮೆಬದನೆ, ಬಚ್ಚಲ ಹಿಂದೆ ಕೆಸು, ಒಂದು ಗೊನೆ ಬಾಳೆಕಾಯಿ, ಗಾಂಧಾರಿ ಮೆಣಸು. ಮೇಲಿನ ಮನೆಯ ಅಜ್ಜಿ ಮೊದಲ ದಿನ ತುತ್ತು ಮುಟ್ಟಲಿಲ್ಲ. ಎರಡನೇ ದಿನ ಸಂಜೆ ಕೊಡೆ ಹಿಡಿದು ಹಿತ್ತಿಲಿಗೆ ಹೋದವರು ಕೆಸುವಿನ ಸುರುಳಿ ಎಲೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬಂದು, ಒಲೆ ಮುಂದೆ ಕೂತು ತಾವೇ ಹೆಚ್ಚಿದರು. ಆ ಹೊತ್ತಿನಿಂದ ಊಟವನ್ನೂ ಮಾಡಿದರು. ನಮ್ಮ ಹಿತ್ತಿಲಿಗೆ ನಾನು ಸುರಿದ ದುಡ್ಡೆಲ್ಲ ಆ ಸಂಜೆ ಬಂದು ಸೇರಿತು ಎಂದೇ ನನ್ನ ಎಣಿಕೆ.

ಮಾಮೂಲು ದಿನಗಳ ಸುಖ ಇನ್ನೊಂದು. ಜನವರಿಯಲ್ಲಿ, ಒಲೆಯ ಮೇಲೆ ನೀರು ಕುದಿಯಲು ಇಟ್ಟು ಬೀನ್ಸ್ ಕೊಯ್ಯಲು ಹೋಗಿ ನೋಡಿ. ಇಬ್ಬನಿಗೆ ಕೈ ಮರಗಟ್ಟುತ್ತದೆ. ಕಾಯಿ ಮುರಿದರೆ ಟಕ್ ಎಂದು ಸದ್ದಾಗಿ, ಮುರಿದ ಜಾಗದಲ್ಲಿ ಒಂದು ಹನಿ ನೀರು ಮೂಡುತ್ತದೆ. ಸಂತೆಯ ಬೀನ್ಸು ಬಾಗುತ್ತದೆ, ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ. ಅದಕ್ಕೆ ಉಪ್ಪು, ತೆಂಗಿನತುರಿ ಬಿಟ್ಟು ಬೇರೇನೂ ಹಾಕದೆ ಪಲ್ಯ ಮಾಡಿ ತಿಂದ ಮೇಲೆ ನನಗೆ ಮತ್ತೆ ಕಾಗದ ಬರೆಯಿರಿ.

ಒಂದು ಮಾತನ್ನು ಮಾತ್ರ ದಯವಿಟ್ಟು ನಡೆಸಿಕೊಡಿ. ಜಾಗ ಇಳಿಜಾರು ಅಂದಿದ್ದೀರಿ. ಜೆಸಿಬಿ ತರಿಸಿ ಗುಡ್ಡದ ಬದಿ ಕಡಿದು ಸಮ ಮಾಡಬೇಡಿ. ಇಳಿಜಾರಿಗೆ ಅಡ್ಡಲಾಗಿ ಎರಡಡಿ ಅಗಲದ ಸಣ್ಣ ಮೆಟ್ಟಿಲು ಮಡಿ ಸಾಕು. ಪ್ರತಿ ಮೆಟ್ಟಿಲಿನ ಅಂಚಿಗೆ ಲಾವಂಚ ನೆಡಿ, ಅದರ ಬೇರು ಪಕ್ಕಕ್ಕೆ ಹರಡದೆ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಬಚ್ಚಲ ನೀರು ಹೋಗುವಲ್ಲಿ ಕೆಸು, ಅಡುಗೆಮನೆ ಬಾಗಿಲಿಗೆ ಹತ್ತಿರದ ಮಡಿಯಲ್ಲಿ ಕೊತ್ತಂಬರಿ, ಹರಿವೆ. ಬೀನ್ಸ್ ಬೀಜವನ್ನು ಅಕ್ಟೋಬರ್ ಕೊನೆಗೆ ಊರಿ. ನಮ್ಮ ಬಳ್ಳಿ ಬೀನ್ಸಿನ ಬೀಜ ಒಂದು ಹಿಡಿ ಕಾಗದದಲ್ಲಿ ಕಟ್ಟಿ ಪತ್ರಿಕೆಯ ಕಚೇರಿಗೆ ಕೊಟ್ಟಿದ್ದೇನೆ, ಅತ್ತಿಗೆಯ ಹೆಸರು ಹೇಳಿ ತೆಗೆದುಕೊಳ್ಳಿ.