14 ಟೀಮು ಸುತ್ತಿದ ಆಟಗಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕ್ಯಾಗ ಅಮೆರಿಕನ್ ಫುಟ್ಬಾಲಿನ ಜೋಶ್ ಜಾನ್ಸನ್ ಬಗ್ಗೆ ನಾಕ ಸಾಲು ಬರದಿದ್ದೆ, ಎನ್‌ಎಫ್‌ಎಲ್ ಲೀಗಿನ್ಯಾಗ 14 ಟೀಮಿಗೆ ಸೇರಿದಾವ, ಅದ ಅಲ್ಲಿ ದಾಖಲೆ ಅಂತ. ಅಷ್ಟಕ್ಕ ನಮ್ಮ ಕಡಿಂದ ಇಷ್ಟ ಪ್ರಶ್ನೆ ಬಂದಾವ ಅಂದ್ರ ಈ ಸಲ ಕ್ರಿಕೆಟ್ ಪ್ರಶ್ನೆ ಎಲ್ಲಾ ಮುಂದಿನ ಸಂಚಿಕಿಗೆ ಇಟ್ಟೇನಿ, ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ.

ಸರ್, 14 ಟೀಮು ಬ್ಯಾಡ ಅಂದು ಬಿಟ್ಟವು ಅಂದ್ರ ಆಂವಗ ಆಟ ಬರಂಗಿಲ್ಲ ಅಂತ ಅಲ್ಲೇನ್ರಿ? ಅಂಥಾವನ ಬಗ್ಗೆ ಯಾಕ ಬರೀತೀರಿ?
(ಪಿಯುಸಿ ವಿದ್ಯಾರ್ಥಿ, ಮುಧೋಳ)

ತಮ್ಮಾ, ಹಂಗಲ್ಲಪಾ. ಬಿಟ್ಟ ಟೀಮು ಎಣಸೋದಾದ್ರ ಕರದ ಟೀಮೂ ಎಣಸಬೇಕಲ್ಲ. ಅಲ್ಲಿ ಒಟ್ಟ ಟೀಮು 32, ಒಂದೊಂದರಾಗ ಕ್ವಾರ್ಟರ್‌ಬ್ಯಾಕ್ ಅಂದ್ರ ಚೆಂಡ ಒಗದು ಆಟ ನಡಸಾವ್ರು ಇಬ್ಬರೋ ಮೂವರೋ ಇರ್ತಾರ, ಇಡೀ ಲೀಗಿಗೆ ನೂರರ ಆಜುಬಾಜು ಜಾಗ ಅಷ್ಟ. ಪ್ರತಿ ವರ್ಷ ಕಾಲೇಜಿನಿಂದ ಹೊಸಾ ಹುಡುಗರು ಬಂದು ಬಾಗಲಾ ಬಡೀತಿರ್ತಾರ, ಅದರಾಗ ಈ ಮನಷ್ಯಾ 2008ರಿಂದ ಜಾಗ ಹಿಡಕೊಂತ ಬಂದಾನ. ಆಟ ಬರಲಾರದಾವನ್ನ ಯಾರೂ 14 ಸಲ ಕರಿಯಂಗಿಲ್ಲ.

ಆಂವನ ಕಥಿ ಸ್ವಲ್ಪ ಪೂರ್ತಿ ಕೇಳು. 2008ರ ಡ್ರಾಫ್ಟಿನ್ಯಾಗ, ಅಂದ್ರ ಟೀಮಿನಾವ್ರು ಪಾಳಿ ಪ್ರಕಾರ ಹೊಸಾ ಆಟಗಾರರನ್ನ ಆರಸೋದ್ರಾಗ, ಐದನೇ ಸುತ್ತಿಗೆ, 160ನೇದಾವ ಆಗಿ ಟ್ಯಾಂಪಾ ಬೇ ತಗೊಂತು. ಅಲ್ಲಿ 2011ರ ತನಕ ಐದು ಮ್ಯಾಚಿನ್ಯಾಗ ಮೊದಲಿಂದ ಆಟ ನಡಸಿದಾ, ಐದೂ ಸೋತಾ. ಅಲ್ಲಿಂದ ಮುಂದ ಸ್ಯಾನ್ ಫ್ರಾನ್ಸಿಸ್ಕೊ, ಕ್ಲೀವ್‌ಲ್ಯಾಂಡ್, ಸಿನ್ಸಿನಾಟಿ, ನ್ಯೂಯಾರ್ಕ್, ಇಂಡಿಯಾನಾಪೊಲಿಸ್, ಬಫಲೊ, ಬಾಲ್ಟಿಮೋರ್, ಹ್ಯೂಸ್ಟನ್, ಓಕ್‌ಲ್ಯಾಂಡ್ ಹಿಂಗ ಸುತ್ತಿಕೋತ ಹೋದಾ, ಕೆಲವು ಟೀಮು ಎರಡೆರಡ ಸಲ, ಕೆಲವು ಬರೇ ಕ್ಯಾಂಪಿನ ತನಕ, ಮತ್ತ 2011ರಿಂದ 2018ರ ತನಕ ಲೀಗ್ ಮ್ಯಾಚಿನ್ಯಾಗ ಒಂದೂ ಪಾಸ್ ಒಗಿಯೋ ಪಾಳಿ ಬರಲಿಲ್ಲ. ಏಳು ವರ್ಷ! ಬ್ಯಾರೇದಾವರಾದ್ರ ಶೂ ಮೂಲ್ಯಾಗ ಒಗದು ಬ್ಯಾರೆ ಕೆಲಸಾ ನೋಡ್ಕೊಂತಿದ್ರು.

2018ರ ನವೆಂಬರ್‌ನ್ಯಾಗ ವಾಷಿಂಗ್ಟನ್ ಟೀಮಿನ ಅಲೆಕ್ಸ್ ಸ್ಮಿತ್ ಕಾಲ ಮುರಕೊಂಡಾ, ಡಿಸೆಂಬರ್‌ನ್ಯಾಗ ಆಂವನ ಬದಲಿ ಕೋಲ್ಟ್ ಮೆಕಾಯ್‌ನೂ ಕಾಲ ಮುರಕೊಂಡಾ, ಆಗ ಜಾನ್ಸನ್‌ಗ ಫೋನ್ ಬಂತು. ಗೆಳ್ಯಾರ ಹೆಸರ ಸೈತ ಗೊತ್ತಿಲ್ಲ, ಮ್ಯಾಡನ್ ಅನ್ನೋ ವಿಡಿಯೊ ಗೇಮ್ ಆಡಿ ಯಾರ ಯಾವ ನಂಬರ್ ಅಂತ ಕಲ್ತೆ ಅಂತ ಆಂವನ ಹೇಳ್ಯಾನ. ಡಿಸೆಂಬರ್ 16ಕ್ಕ ಜ್ಯಾಕ್ಸನ್‌ವಿಲ್‌ನ್ಯಾಗ 16-13ರಿಂದ ವಾಷಿಂಗ್ಟನ್ ಗೆದ್ತು. ಮೊದಲಿಂದ ಆಟ ನಡಸಿ ಆಂವ ಗೆದ್ದ ಮೊದಲನೇ ಮ್ಯಾಚ್ ಅದು, ಲೀಗಿಗೆ ಬಂದು 10 ವರ್ಷದ ಮ್ಯಾಲೆ.

2021ರ ನವೆಂಬರ್‌ನ್ಯಾಗ ನ್ಯೂಯಾರ್ಕ್ ಜೆಟ್ಸ್ ಪರ ನಡುವ ಇಳದು ಪಾಸ್ ಒಗದು 317 ಯಾರ್ಡ್ (ಗಜ) ಗಳಿಸಿದಾ, ಮೂರು ಟಚ್‌ಡೌನ್ ಅಂದ್ರ ಚೆಂಡ ಎದುರಿನವರ ಕಡೀ ಗೆರಿ ದಾಟಿಸೋ ಪಾಸ್ ಒಗದಾ. ಮುಂದಿನ ತಿಂಗಳದಾಗ ಬಾಲ್ಟಿಮೋರ್‌ದಾವ್ರ ಮುಖ್ಯ ಆಟಗಾರರು ಇಲ್ಲದಾಗ ಅಲ್ಲಿ ಹೋಗಿ, ಸೇರಿದ ಎರಡ ವಾರದೊಳಗ ಮೊದಲಿಂದ ಆಟ ನಡಸಿ 300 ಯಾರ್ಡ್ ದಾಟಿಸಿದಾ. ಎರಡೂ ಮ್ಯಾಚ್ ಟೀಮ್ ಸೋತಾವ, ಅದನ್ನ ಮುಚ್ಚಿಡಂಗಿಲ್ಲ. ಆದ್ರ ಹೊಸಾ ಊರು, ಹೊಸಾ ಪ್ಲೇಬುಕ್ (ಟೀಮಿನ ಆಟದ ತಂತ್ರ ಬರದಿಟ್ಟ ಪುಸ್ತಕ), ಎದುರಿಗೆ ನೂರಾ ಮೂವತ್ತು ಕೇಜಿ ಡಿಫೆಂಡರ್ ಓಡಿ ಬರಾತಾನ, ಅದರಾಗ ಅಷ್ಟ ಆಡಿದ್ದು ಸಣ್ಣ ಮಾತಲ್ಲ.

ಇನ್ನೊಂದ ಹೇಳಾಕಬೇಕು. 2023ರ ಜನವರಿ 29, ಫಿಲಡೆಲ್ಫಿಯಾದಾಗ ಸೆಮಿಫೈನಲ್ ಅಂಥಾ ಮ್ಯಾಚು, ಸ್ಯಾನ್ ಫ್ರಾನ್ಸಿಸ್ಕೊದ ಬ್ರಾಕ್ ಪರ್ಡಿ ಮೊಣಕೈ ನೋವಾಗಿ ಹೊರಗ ಕುಂತಾ, ಜಾನ್ಸನ್ ಇಳದಾ, ಆಂವಗೂ ತಲಿಗೆ ಪೆಟ್ಟ ಬಿದ್ದು ಹೊರಗ ಹೋದಾ. ಮೂರನೇದಾವ ಇಲ್ಲ, ಚೆಂಡ ಒಗಿಯಾಕ ಬರಲಾರದ ಪರ್ಡಿನ ಮತ್ತ ಒಳಗ ಬಂದಾ, 31-7ಕ್ಕ ಸೋತ್ರು. ಅದಾದ ಮ್ಯಾಲೆ ಅದ ವರ್ಷ ಮೇ ತಿಂಗಳದಾಗ ಮ್ಯಾಚ್ ದಿನಾ ಮೂರನೇ ಕ್ವಾರ್ಟರ್‌ಬ್ಯಾಕ್‌ನ ತುರ್ತಿಗೆ ಇಟ್ಟಕೋಬಹುದು ಅಂತ ಲೀಗ್ ರೂಲ್ ಮಾಡ್ತು. ಅಂಥಾವನ ಬಗ್ಗೆ ಯಾಕ ಬರೀತೀರಿ ಅಂತ ಕೇಳಿದ್ಯಲ್ಲ, ಅದಕ್ಕ.

ಅಲ್ಲಿ ತಗಿಯೋದು ಹೆಂಗ್ರಿ? ನೋಟೀಸ್ ಏನರ ಕೊಡ್ತಾರೋ ಇಲ್ಲೋ?
(ಕಿರಾಣಿ ವ್ಯಾಪಾರಸ್ಥರು, ವಿಜಯಪುರ)

ಇಲ್ರಿ ಸಾಹುಕಾರ, ನೋಟೀಸ್ ಗೀಟೀಸ್ ಏನಿಲ್ಲ. ಬ್ಯಾಸಿಗಿ ಕ್ಯಾಂಪಿಗೆ ಒಂದೊಂದ ಟೀಮು 90 ಮಂದಿ ಕರೀತಾರ, ಆಗಸ್ಟ್ ಕಡೀಕ ಅದು 53ಕ್ಕ ಇಳೀಬೇಕು. 32 ಟೀಮಿಗೆ ತಲಾ 37 ಅಂತ ಹಿಡೀರಿ, ಸಾವಿರದ ಮ್ಯಾಲೆ ಹುಡುಗರು ಆ ಹೊತ್ತಿಗೆ ಹೊರಗ. ಮುಂಜಾನೆ ಒಬ್ಬ ಸ್ಟಾಫ್ ಬಂದು ಕೋಚ್ ಕರ್ಯಾಕತ್ತಾರ, ಪ್ಲೇಬುಕ್ ತಗೊಂಡ ಬಾ ಅಂತ ಹೇಳಿದಾ ಅಂದ್ರ ಮುಗೀತು ಅಂತ ಎಲ್ಲಾರಿಗೂ ಗೊತ್ತ. ನಮ್ಮ ಡಿಗ್ರಿ ಕಾಲೇಜಿನ ಗೆಸ್ಟ್ ಲೆಕ್ಚರರ್ ಹಂಗ ನೋಡ್ರಿ, ವರ್ಷಗಟ್ಲೆ ಅದ ಪಾಠ ಮಾಡಿದ್ರೂ ಮುಂದಿನ ವರ್ಷದ ಆರ್ಡರ್ ಬರತೈತೋ ಇಲ್ಲೋ ಯಾರಿಗೂ ಗೊತ್ತಿರಂಗಿಲ್ಲ.

ನಾಕ ವರ್ಷದ ಸರ್ವಿಸ್ ತುಂಬಲಾರದಾವ್ರನ್ನ ಬಿಟ್ರ ಮೊದಲ ವೇವರ್ಸ್ ಅನ್ನೋ ಪಟ್ಟಿಗೆ ಹಾಕ್ತಾರ, ಉಳದ 31 ಟೀಮಿನ್ಯಾಗ ಯಾರರ ಬೇಕಂದ್ರ ತಗೋಬಹುದು, ಇಬ್ಬರು ಮೂವರು ಕೇಳಿದ್ರ ಯಾವ ಟೀಮು ಭಾಳ ಸೋತೈತಿ ಅದಕ್ಕ ಮೊದಲ ಹಕ್ಕು, ಹುಡುಗಗ ಒಲ್ಲೆ ಅನ್ನೋ ಅಧಿಕಾರ ಇಲ್ಲ. ಇವತ್ತ ಫ್ಲಾರಿಡಾದ ಬಿಸಲಾಗ ಇದ್ದಾವ ನಾಳೆ ಬಫಲೊದ ಮಂಜಿನ್ಯಾಗ. ಯಾರೂ ಕೇಳಲಿಲ್ಲಂದ್ರ ಪ್ರ್ಯಾಕ್ಟಿಸ್ ಸ್ಕ್ವಾಡ್ ಅಂತ 16 ಮಂದಿದು ಐತಿ, ವಾರಪೂರ್ತಿ ಟೀಮಿನ ಜೋಡಿ ಮೈ ನುಗ್ಗ ಮಾಡಿಕೊಂಡು ಭಾನುವಾರ ಮ್ಯಾಚ್ ಇದ್ದಾಗ ಸಾದಾ ಡ್ರೆಸ್‌ನ್ಯಾಗ ನಿಂತು ನೋಡೋದು. ಅದೂ ಸಿಗಲಿಲ್ಲಂದ್ರ ಮನಿ, ಜಿಮ್, ಫೋನ್. ಮಂಗಳವಾರ ಬಹುತೇಕ ಟೀಮಿಗೆ ರಜಾ, ಅವತ್ತ ಹೊರಗಿನಾವ್ರನ್ನ ಕರದು ಟ್ರಯಲ್ ನೋಡ್ತಾರ, ಹಿಂಗಾಗಿ ಕೆಲಸಾ ಇಲ್ಲದ ಆಟಗಾರಗ ಸೋಮವಾರ ರಾತ್ರಿ ಫೋನ್ ಕೈಯಾಗ ಇರಬೇಕು.

ಇಷ್ಟ ತ್ರಾಸ ಪಟ್ರೂ ರೊಕ್ಕ ಭಾಳ ಸಿಗತೈತಲ್ಲ, ಮತ್ತ ಯಾಕ ಚಿಂತಿ?
(ಓದುಗರು, ಗೋಕಾಕ)

ಸಿಗತೈತಿ, ಖರೆ. 2024ರಾಗ 53ರ ಪಟ್ಟಿಯಾಗ ಪೂರ್ತಿ ವರ್ಷ ಉಳದ ಹೊಸಾ ಹುಡುಗಗ ಕಡಿಮಿ ಅಂದ್ರ 7,95,000 ಡಾಲರ್, ನಮ್ಮ ಲೆಕ್ಕಕ್ಕ 6 ಕೋಟಿ ರೂಪಾಯಿ ದಾಟತೈತಿ. ಪ್ರ್ಯಾಕ್ಟಿಸ್ ಸ್ಕ್ವಾಡ್‌ನಾವಗ ಅದ ವರ್ಷ ವಾರಕ್ಕ 12,500 ಡಾಲರ್ ಇತ್ತು. ಆದ್ರ ಪಗಾರ ವಾರದ ಲೆಕ್ಕ ರೀ, ಮೂರ ವಾರ ಇದ್ರ ಮೂರ ವಾರದ್ದು. ಟ್ಯಾಕ್ಸ್ ಹೋಗತೈತಿ, ಏಜೆಂಟ್ ಶೇ 3ರ ತನಕ ತಗೋತಾನ, ಟೀಮು ಇಲ್ಲದ ತಿಂಗಳದಾಗ ಟ್ರೇನರ್ ಖರ್ಚು, ಬಾಡಿಗಿ ಎಲ್ಲಾ ಕೈಯಿಂದ. ಆಟಗಾರರ ಸಂಘ ಹೇಳೋ ಪ್ರಕಾರ ಸರಾಸರಿ ಕರಿಯರ್ 3.3 ವರ್ಷ, ಪಿಂಚಣಿಗೆ ಬೇಕಾಗಿದ್ದು ಮೂರು ಸೀಸನ್ನು. ಎರಡೂ ಅಂಕಿ ಬಾಜೂಕ ಬಾಜೂಕ ಇಟ್ಟ ನೋಡ್ರಿ, ಮೂರನೇ ವರ್ಷದ ಹುಡುಗ ಯಾಕ ಮೊಣಕಾಲ ನೋವ ಮುಚ್ಚಿಟ್ಟು ಆಡ್ತಾನ ಅನ್ನೋದು ತಿಳಿತೈತಿ. ಇದು ನನಗ ಭಾಳ ಸಂಕಟ ಅನಸೋ ವಿಷಯ.

ಪೇಪರ್‌ನ್ಯಾಗ ಬರೋ ದೊಡ್ಡ ದೊಡ್ಡ ಕಾಂಟ್ರ್ಯಾಕ್ಟ್ ಅಂಕಿ ನಂಬಬ್ಯಾಡ್ರಿ, ಅದರಾಗ ಗ್ಯಾರಂಟಿ ಎಷ್ಟ ಅನ್ನೋದ ಮುಖ್ಯ. ರಯಾನ್ ಫಿಟ್ಜ್‌ಪ್ಯಾಟ್ರಿಕ್ ಅನ್ನೋ ಕ್ವಾರ್ಟರ್‌ಬ್ಯಾಕ್‌ಗ 2011ರಾಗ ಬಫಲೊ ಟೀಮು 6 ವರ್ಷಕ್ಕ 5.9 ಕೋಟಿ ಡಾಲರ್ ಅಂತ ಸಹಿ ಹಾಕಿಸ್ತು, 2013ರ ಮಾರ್ಚಿನ್ಯಾಗ ಬಿಟ್ಟ ಬಿಡ್ತು.

ಹಿಂಗ ಊರ ಬದಲ ಮಾಡಿಕೋತ ಹೊಂಟ್ರ ಹೆಂಡ್ತಿ ಮಕ್ಕಳ ಗತಿ ಏನ್ರಿ? ಮಕ್ಕಳ ಸಾಲಿ?
(ಗೃಹಿಣಿ, ಟಿಳಕವಾಡಿ, ಬೆಳಗಾವಿ)

ಅಕ್ಕಾರ, ಈ ಪ್ರಶ್ನೆ ಗಂಡಮಕ್ಕಳು ಯಾರೂ ಕೇಳಲಿಲ್ಲ ನೋಡ್ರಿ. ಮ್ಯಾಲೆ ಹೇಳಿದ ಫಿಟ್ಜ್‌ಪ್ಯಾಟ್ರಿಕ್‌ಗ ಏಳು ಮಕ್ಕಳು. ಆಂವ 2005ರಿಂದ 2021ರ ತನಕ 17 ಸೀಸನ್, ಒಂಬತ್ತು ಟೀಮು ಆಡ್ಯಾನ, ಒಂಬತ್ತೂ ಕಡೆ ಮೊದಲಿಂದ ಆಟ ನಡಸ್ಯಾನ, ಹಂಗ ಮಾಡಿದ ಕ್ವಾರ್ಟರ್‌ಬ್ಯಾಕ್ ಇನ್ನೊಬ್ಬ ಇಲ್ಲ. ಸೇಂಟ್ ಲೂಯಿಸ್, ಸಿನ್ಸಿನಾಟಿ, ಬಫಲೊ, ಟೆನೆಸಿ, ಹ್ಯೂಸ್ಟನ್, ನ್ಯೂಯಾರ್ಕ್, ಟ್ಯಾಂಪಾ, ಮಯಾಮಿ, ವಾಷಿಂಗ್ಟನ್, ಈ ಪಟ್ಟಿ ಓದೂ ಹೊತ್ತಿಗೆ ಮನಿಯಾಕಿ ಎಷ್ಟ ಸಲ ಪೆಟ್ಟಿ ಕಟ್ಟಿರಬೇಕು ಅನ್ನೋದು ವಿಚಾರ ಮಾಡ್ರಿ. ಆಂವಂದರ ಒಂದೊಂದ ಊರಾಗ ವರ್ಷ ಎರಡ ವರ್ಷ ಆಗ್ತಿತ್ತು, ವಾರಕ್ಕೊಂದ ಟೀಮು ಬದಲಾಗೋರು ಹೆಂಡ್ತಿ ಮಕ್ಕಳನ್ನ ಒಂದ ಊರಾಗ ಇಟ್ಟು ತಾವು ಹೊಟೇಲಿನ್ಯಾಗ ಇರ್ತಾರ, ಯಾಕಂದ್ರ ಬಾಡಿಗಿ ಕರಾರು ಮಾಡಿಕೊಂಡ ಮರುವಾರ ಕೆಲಸಾ ಹೋದ್ರ ಏನ ಮಾಡೋದು.

250ನೇದಾವ ಆಗಿ ಡ್ರಾಫ್ಟ್ ಆದ ಹಾರ್ವರ್ಡ್ ಪದವೀಧರ ಆಂವ, 2018ರಾಗ ಸತತ ಮೂರ ಮ್ಯಾಚ್ 400 ಯಾರ್ಡ್ ದಾಟಿಸಿದ ಮೊದಲನೇದಾವ, ಆದ್ರ 17 ವರ್ಷದಾಗ ಒಂದೂ ಪ್ಲೇಆಫ್ ಮ್ಯಾಚ್ ಆಡೋ ಯೋಗ ಬರಲಿಲ್ಲ. ಕಡೀ ವರ್ಷ ವಾಷಿಂಗ್ಟನ್ ಪರ ಮೊದಲನೇ ಮ್ಯಾಚಿನ್ಯಾಗನ ಸೊಂಟಕ್ಕ ಪೆಟ್ಟಾಗಿ ಮುಗೀತು. ಆಂವ ಹೋದ ಊರಾಗೆಲ್ಲಾ ಮಂದಿ ಇವತ್ತಿಗೂ ಪ್ರೀತಿಲೆ ನೆನಸ್ತಾರ, ಕಪ್ ಗೆದ್ದ ಎಷ್ಟೋ ಮಂದಿಗೆ ಆ ಪ್ರೀತಿ ಸಿಕ್ಕಿಲ್ಲ.

ನಾನು ಕಬಡ್ಡಿ ಆಡ್ತೀನಿ, ವಯಸ್ಸು 24. ದೊಡ್ಡ ಟೀಮಿನ ಟ್ರಯಲ್‌ಗೆ ಹೋಗಿ ಹೋಗಿ ಕಡೀ ಪಟ್ಟಿಯಾಗ ಹೆಸರ ಬಿಡತೈತಿ. ಸಾಕು ಮಾಡು, ಶುಗರ್ ಫ್ಯಾಕ್ಟರಿಗೆ ಸೇರು ಅಂತಾರ ನಮ್ಮ ಅಪ್ಪಾರು. ಏನ ಮಾಡ್ಲಿ?
(ಯುವ ಆಟಗಾರ, ಜಮಖಂಡಿ)

ತಮ್ಮಾ, ನಿನ್ನ ಪತ್ರ ಎರಡ ಸಲ ಓದೀನಿ. ಇಂಥಾ ಪ್ರಶ್ನೆಗೆ ಎಲ್ಲಾರೂ ಕರ್ಟ್ ವಾರ್ನರ್ ಕಥಿ ಹೇಳ್ತಾರ: 1994ರಾಗ ಗ್ರೀನ್ ಬೇ ಕ್ಯಾಂಪಿನಿಂದ ಹೊರಗ ಬಿದ್ದು, ಅಯೋವಾದ ಕಿರಾಣಿ ಅಂಗಡ್ಯಾಗ ತಾಸಿಗೆ ಐದೂವರಿ ಡಾಲರ್‌ಗೆ ರಾತ್ರಿ ಸಾಮಾನ ಜೋಡಸ್ತಿದ್ದಾವ, 1999ರ ಸೀಸನ್‌ನ್ಯಾಗ ಲೀಗಿನ ಅತ್ಯುತ್ತಮ ಆಟಗಾರ ಆಗಿ ಸೂಪರ್ ಬೌಲ್ ಅಂದ್ರ ಲೀಗಿನ ಫೈನಲ್ ಗೆದ್ದಾ. ಕಥಿ ಖರೆ. ಆದ್ರ ಅದನ್ನ ನಂಬಿ ಬದುಕಿನ ಲೆಕ್ಕಾ ಹಾಕಬ್ಯಾಡ, ಅಂಥಾವ್ರು ಭಾಳ ಕಡಿಮಿ. ನೀ ನೋಡಬೇಕಾಗಿದ್ದು 53ರ ಪಟ್ಟಿಯಾಗ 50ನೇದಾವನ್ನ, ಆಂವ ಹೆಂಗ ಉಳದಾನ ಅಂತ.

ಆಂವ ಉಳದಿದ್ದು ಎರಡ ಮೂರ ಕೆಲಸಾ ಬರತೈತಿ ಅಂತ. ಕಿಕ್‌ಆಫ್‌ದಾಗ (ಚೆಂಡ ಒದ್ದು ಆಟ ಶುರು ಮಾಡುವಾಗ) ಓಡಿ ಹೋಗಿ ಎದುರಿನಾವನ್ನ ಹಿಡೀತಾನ, ಪಂಟ್‌ದಾಗ (ಚೆಂಡ ದೂರ ಒದ್ದು ಎದುರಿನವರಿಗೆ ಬಿಟ್ಟ ಕೊಡುವಾಗ) ಅಡ್ಡ ನಿಲ್ತಾನ, ಯಾರರ ಬಿದ್ರ ಅವರ ಜಾಗಕ್ಕ ಆಡ್ತಾನ. ನೀ ಬರೇ ರೇಡರ್ ಅಂತ ಬರದಿ. ಕಾರ್ನರ್‌ನ್ಯಾಗ ನಿಂತು ಆ್ಯಂಕಲ್ ಹೋಲ್ಡ್ ಹಾಕಾಕ ಈ ವರ್ಷ ಕಲಿ. ಟ್ರಯಲ್‌ನ್ಯಾಗ ಬಿಟ್ಟ ಕೋಚ್‌ಗೆ ಫೋನ್ ಮಾಡಿ ಸರ್, ಏನ ಕಡಿಮಿ ಬಿತ್ರಿ ಅಂತ ಸಂಕೋಚ ಬಿಟ್ಟ ಕೇಳು, ಬಹಳ ಮಂದಿ ಹೇಳ್ತಾರ. ರೈಲ್ವೆ, ಪೊಲೀಸ್ ಇಲಾಖೆದಾಗ ಸ್ಪೋರ್ಟ್ಸ್ ಕೋಟಾ ಬಂದಾಗ ಅರ್ಜಿ ಹಾಕು, ವಯಸ್ಸಿನ ಮಿತಿ ಐತಿ, ನಿನ್ನ ಟೂರ್ನಮೆಂಟ್ ಸರ್ಟಿಫಿಕೇಟ್ ಎಲ್ಲಾ ಒಂದ ಫೈಲಿನ್ಯಾಗ ಇಡು. ಡಿಗ್ರಿ ಅರ್ಧಕ್ಕ ಬಿಟ್ಟೀನಿ ಅಂದಿ, ಅದನ್ನ ಮಾತ್ರ ಮುಗಸ್ಲೇಬೇಕು.

ಅಪ್ಪಾರು ನಿನ್ನ ವೈರಿ ಅಲ್ಲ. ಅವರ ಜೋಡಿ ಕುಂತು ಒಂದ ಕರಾರು ಮಾಡ್ಕೊ: ಇನ್ನ ಎರಡ ವರ್ಷ, ಅದರಾಗ ಫ್ಯಾಕ್ಟರಿ ಸೀಸನ್ ನಡದಾಗ ಕೆಲಸಾ, ಸಂಜಿಮುಂದ ಮ್ಯಾಟ್. ಅಷ್ಟರಾಗ ಆತು ಸರಿ, ಇಲ್ಲಂದ್ರ ಕೋಚಿಂಗ್ ಸರ್ಟಿಫಿಕೇಟ್ ಕಡೆ ತಿರುಗು. ನೋವ ಇದ್ದಾಗ ಆಡಬ್ಯಾಡ. ಇದೊಂದ ಮಾತ್ರ ನನಗ ಮಾತ ಕೊಡು.

ಈ ಆಟ ನಮಗ ಯಾವಾಗ ನೋಡಾಕ ಸಿಗತೈತ್ರಿ?
(ಓದುಗರು, ನವನಗರ, ಬಾಗಲಕೋಟಿ)

ಸೆಪ್ಟೆಂಬರಿಂದ ಜನವರಿ ತನಕ ಲೀಗ್, ಒಂದೊಂದ ಟೀಮಿಗೆ 17 ಮ್ಯಾಚು. ಭಾನುವಾರದ ಮೊದಲ ಮ್ಯಾಚ್‌ಗೋಳು ನಮ್ಮಲ್ಲಿ ರಾತ್ರಿ 10.30ಕ್ಕ ಶುರು, ನವೆಂಬರ್‌ನ್ಯಾಗ ಅವರು ಗಡಿಯಾರ ಹಿಂದ ಇಟ್ಟ ಮ್ಯಾಲೆ 11.30ಕ್ಕ. ಸೂಪರ್ ಬೌಲ್ ಫೆಬ್ರುವರಿದಾಗ, ನಮಗ ಸೋಮವಾರ ನಸಿಕಿನ್ಯಾಗ 5 ಗಂಟೇಕ. ರೂಲ್ ಇಷ್ಟ ತಿಳಕೋರಿ: ಕಡೀಗೊಂದ 11 ಮಂದಿ, ನಾಕ ಪಾಳ್ಯಾಗ 10 ಯಾರ್ಡ್ ಮುಂದ ಹೋದ್ರ ಮತ್ತ ನಾಕ ಪಾಳಿ. ಮತ್ತ ಕಿಕ್‌ಆಫ್ ಆದಾಗ ಚೆಂಡಿನ ಹಿಂದ ಕಣ್ಣ ಹಾಯಸಬ್ಯಾಡ್ರಿ, ಎದುರಿಂದ ಓಡಿ ಬರೋ ಹುಡುಗರನ್ನ ನೋಡ್ರಿ, ಅವರಾಗ ಅರ್ಧ ಮಂದಿ ಮುಂದಿನ ವಾರ ಇದ ಟೀಮಿನ್ಯಾಗ ಇರಬೇಕಂತ ಓಡಾಕತ್ತಿರ್ತಾರ.