ಬೀರುವಿನ ಕೀಲಿ ಯಾರ ಬಳಿ ಇದೆ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮಡಚಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದು ಓದಿದೆ. ಸುಲಭಕ್ಕೆ ಕೆಳಗಿಡುವ ಪತ್ರವಲ್ಲ ಅದು.

ಬರೆದವರು ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ಮೂರು ವರ್ಷಗಳಿಂದ ಶನಿವಾರ ತಪ್ಪದೆ ಹಳ್ಳಿಯ ಪುಟ್ಟ ಶಾಲೆಯೊಂದಕ್ಕೆ ಹೋಗಿ ಮಕ್ಕಳಿಗೆ ಓದಿಸುತ್ತಾರೆ. ಮಕ್ಕಳು 23, ತರಗತಿ ಐದು, ಮೇಷ್ಟ್ರು ಒಬ್ಬರೇ. ಸ್ವಂತ ದುಡ್ಡಿನಲ್ಲಿ ಒಂದು ಬೀರು, 200 ಕಥೆಪುಸ್ತಕ ತಂದಿಟ್ಟಿದ್ದಾರೆ. ಈಗ ಬಡ್ತಿ ಬಂದಿದೆ, ಒಪ್ಪಿದರೆ ದೂರದ ಊರಿಗೆ ಹೋಗಬೇಕು. ಮನೆಯವರು ಹೊರಡು ಎನ್ನುತ್ತಾರೆ. ಸಹೋದ್ಯೋಗಿಯೊಬ್ಬ ಮಾತ್ರ "ನೀವು ಬಿಟ್ಟರೆ ಆ ಶಾಲೆಯ ಕಥೆ ಮುಗಿಯಿತು" ಎನ್ನುತ್ತಾನಂತೆ. ಬಡ್ತಿಯನ್ನು ಬೇಡವೆನ್ನಲೇ ಎಂಬುದು ಪ್ರಶ್ನೆ.

ನೋಡಿಯಮ್ಮ, ಬಡ್ತಿ ಒಪ್ಪಿಕೊಳ್ಳಿ. ಆ ವಿಷಯ ಅಲ್ಲಿಗೆ ಮುಗಿಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಮೂರನೆಯ ಪುಟದಲ್ಲಿ, ಮೇಷ್ಟ್ರ ಮೇಲಿನ ದೂರುಗಳ ನಡುವೆ, ಹೋಗುತ್ತಾ ಹೋಗುತ್ತಾ ಎರಡು ಸಾಲು ಬರೆದಿದ್ದೀರಿ: "ಮಕ್ಕಳು ಪುಸ್ತಕದೊಳಗೆ ಹುಲ್ಲುಕಡ್ಡಿ ಇಟ್ಟು ಗಲೀಜು ಮಾಡುತ್ತಾರೆ. ಅದಕ್ಕೇ ಬೀರುವಿನ ಕೀಲಿ ನನ್ನ ಬಳಿಯೇ ಇರುತ್ತದೆ."

ಆ ಹುಲ್ಲುಕಡ್ಡಿ ಏನೆಂದು ನಿಮಗೆ ಹೊಳೆಯಲೇ ಇಲ್ಲವೇ? ಹೊರಡುವ ಹೊತ್ತಾಗಿದೆ, ನೀವು "ಸಾಕು, ಪುಸ್ತಕ ಕೊಡಿ" ಎನ್ನುತ್ತೀರಿ. ಕಥೆಯಲ್ಲಿ ಮೊಲ ಇನ್ನೂ ಬಾವಿಯೊಳಗೇ ಇದೆ. ಓದುತ್ತಿದ್ದ ಮಗು ಅಂಗಳಕ್ಕೆ ಓಡಿ, ಒಂದು ಕಡ್ಡಿ ಕಿತ್ತು ತಂದು, ಆ ಪುಟದಲ್ಲಿಟ್ಟು ಪುಸ್ತಕ ಒಪ್ಪಿಸುತ್ತದೆ. ಇನ್ನು ಏಳು ದಿನ ಮೊಲ ಬಾವಿಯಲ್ಲಿ, ಪುಸ್ತಕ ಬೀರುವಿನಲ್ಲಿ. ನೀವೋ, ಬೀಗ ಹಾಕುವ ಮೊದಲು ಪುಸ್ತಕ ಕೊಡವಿ ಕಡ್ಡಿ ಉದುರಿಸುತ್ತೀರಿ. ಆ ಮಗುವಿನ ಜಾಗದಲ್ಲಿ ನಾನಿದ್ದಿದ್ದರೆ ಬೀರುವಿನ ಬಾಗಿಲು ಇಷ್ಟು ದಿನ ನೆಟ್ಟಗಿರುತ್ತಿರಲಿಲ್ಲ.

ನನ್ನ ಹಳೆಯ ಓದುಗರಿಗೆ ಈ ಹಠ ಗೊತ್ತೇ ಇದೆ: ಮೂಲೆ ಮುದುರದ ಪುಸ್ತಕವನ್ನು ಕಂಡರೆ ನನಗೆ ಅನುಮಾನ. ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರ ಕೊಟ್ಟರಲ್ಲ, ಅವುಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು. ಮಧ್ಯಯುಗದ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ಕೈಬರಹದ ಪ್ರತಿ ಕಳೆದರೆ ಇನ್ನೊಂದನ್ನು ತರುವುದೆಲ್ಲಿಂದ ಎಂಬ ಭಯ. ಆದರೂ ಸರಪಳಿ ಬಿಗಿದ ಪುಸ್ತಕವನ್ನು ನಿಂತಲ್ಲೇ ತೆರೆದು ಓದಬಹುದಿತ್ತು. ನಿಮ್ಮ ಶಾಲೆಯಲ್ಲಿ ಅಷ್ಟೂ ಇಲ್ಲ.

"ಮೇಷ್ಟ್ರು ಆ ಪುಸ್ತಕಗಳನ್ನು ಮುಟ್ಟಿಯೂ ನೋಡುವುದಿಲ್ಲ" ಎಂದಿದ್ದೀರಿ. ಕೀಲಿ ನಿಮ್ಮ ಕೈಚೀಲದಲ್ಲಿದ್ದರೆ ಅವರು ಮುಟ್ಟುವುದು ಹೇಗೆ? ಒಂದನೆಯವರಿಗೆ ಅಕ್ಷರ ತಿದ್ದಿಸುತ್ತಲೇ ಐದನೆಯವರ ಭಾಗಾಕಾರದ ಮೇಲೆ ಕಣ್ಣಿಡಬೇಕಾದ ಮನುಷ್ಯ ಅವರು. ನಡುವೆ ಹಾಜರಿ ಪುಸ್ತಕ, ಜ್ವರ ಬಂದ ಮಗು, ಬಾಗಿಲಲ್ಲಿ ನಿಂತ ಪೋಷಕರು. ಇದು ಎಷ್ಟು ಕಷ್ಟದ ಕೆಲಸವೆಂದರೆ ಇದಕ್ಕೆಂದೇ ಪದ್ಧತಿಗಳು ಹುಟ್ಟಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅದನ್ನು ಕಟ್ಟುವುದರಲ್ಲಿ ಶಾಲಾ ಶಿಕ್ಷಕರ ಕೈಯೇ ದೊಡ್ಡದು. ನಿಮ್ಮ ಮೇಷ್ಟ್ರು ವಾರವಿಡೀ ಎಳೆಯುವ ಬಂಡಿಗೆ ನೀವು ಶನಿವಾರ ಕೈಹಚ್ಚುತ್ತೀರಿ. ಒಳ್ಳೆಯದೇ. ಅದಕ್ಕಾಗಿ ಅವರಿಗೆ ಆಸಕ್ತಿಯಿಲ್ಲ ಎಂಬ ಪ್ರಮಾಣಪತ್ರ ಬರೆಯುವ ಅಧಿಕಾರ ನಿಮಗೆ ಬರುವುದಿಲ್ಲ.

ಇನ್ನು ಆ ಸಹೋದ್ಯೋಗಿ. ಈ ಇಡೀ ಪತ್ರದಲ್ಲಿ ನನಗೆ ನಿಜವಾಗಿ ಸಿಟ್ಟು ಬಂದಿರುವುದು ಅವನ ಮೇಲೆ. ಮೂರು ವರ್ಷದಲ್ಲಿ ಎರಡು ಸಲ ಬಂದು, ಪೆನ್ಸಿಲ್ ಹಂಚಿ, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಹೋದ ಗಿರಾಕಿ, ಶಾಲೆ ನಿಮ್ಮೊಬ್ಬರ ಮೇಲೆ ನಿಂತಿದೆ ಎಂದು ನಿಮ್ಮ ತಲೆಗೆ ತುಂಬಿದ್ದಾನೆ. ನೀವು ಹೋಗುವ ಮೊದಲೂ ಅಲ್ಲಿ ಗಂಟೆ ಹೊಡೆಯುತ್ತಿತ್ತು. ಅವನಿಗೆ ಅಷ್ಟು ಕಾಳಜಿ ಇದ್ದರೆ ನಿಮ್ಮ ಶನಿವಾರಗಳನ್ನು ಅವನೇ ವಹಿಸಿಕೊಳ್ಳಲಿ. ಕೇಳಿ ನೋಡಿ, ಅಂದು ಅವನಿಗೆ ಏನೋ ಕೆಲಸವಿರುತ್ತದೆ.

ನೀವು ಮಾಡಬೇಕಾದದ್ದು ಒಂದೇ. ಬರುವ ಶನಿವಾರ ಮೇಷ್ಟ್ರ ಎದುರಿನಲ್ಲೇ ಆ ಕೀಲಿಯನ್ನು ಐದನೆಯ ತರಗತಿಯ ಮಗುವೊಂದರ ಕೈಗೆ ಕೊಡಿ. ಚಿಕ್ಕ ಮಕ್ಕಳಿಗೆ ಇದೆಲ್ಲ ಆಗುತ್ತದೆಯೇ ಎನ್ನಬೇಡಿ. 1789ರಿಂದ ಮದರಾಸಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್, ಅಲ್ಲಿನ ಸ್ಥಳೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಅಕ್ಷರ ಬರೆಯುವುದನ್ನು ಕಂಡು ತನ್ನಲ್ಲೂ ಅದನ್ನು ತರಲು ಹೊರಟ. ಶಿಕ್ಷಕರು ಜಗ್ಗಲಿಲ್ಲ. ಆಗ ಒಬ್ಬ ಚಿಕ್ಕ ಹುಡುಗನನ್ನೇ ಅಕ್ಷರ ಕಲಿಸಲು ನಿಲ್ಲಿಸಿದ. ಮಕ್ಕಳೇ ಮಕ್ಕಳಿಗೆ ಕಲಿಸುವ ಆ ರೀತಿ ಮುಂದೆ ಇಂಗ್ಲೆಂಡಿನ ಶಾಲೆಗಳನ್ನು ಮುಟ್ಟಿತು. ನಿಮ್ಮ ಮಗು ಪಾಠ ಮಾಡುವುದೂ ಬೇಡ, ಬೀಗ ತೆಗೆದರೆ ಸಾಕು. ಜೊತೆಗೊಂದು ನೋಟ್‌ಬುಕ್ ಇಡಿ: ಹೆಸರು, ಪುಸ್ತಕ, ತಾರೀಖು. ಪುಸ್ತಕ ಮನೆಗೂ ಹೋಗಲಿ. ಹರಿದರೆ, ಕಳೆದರೆ ತಮ್ಮ ತಲೆಗೆ ಬರುತ್ತದೆಂದು ಮೇಷ್ಟ್ರು ಹೆದರಬಹುದು. ಆ ಬಗ್ಗೆ ಅವರನ್ನು ಕೇಳುವುದಿಲ್ಲ ಎಂದು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಕೊಡಿ.

ಅಂದಹಾಗೆ, ಬೀರುವಿನ ಜೊತೆ ಎರಡು ಕೀಲಿ ಕೊಟ್ಟಿರುತ್ತಾರೆ. ಎರಡನೆಯದು ನಿಮ್ಮ ಮನೆಯಲ್ಲೆಲ್ಲೋ ಇರಬೇಕು. ಹುಡುಕಿ, ಅದನ್ನೂ ತೆಗೆದುಕೊಂಡು ಹೋಗಿ.