ಡೇಟಾ ಇದೆ, ಥಿಯರಿ ಎಲ್ಲಿ?

ಪ್ರಶ್ನೆ: ಆನ್‌ಲೈನ್ ಕಲಿಕೆ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಒಂದು ಕೋರ್ಸಿನ ಪೂರ್ತಿ ಲಾಗ್ ಡೇಟಾ ಕೈಯಲ್ಲಿದೆ. ಯಾರು ಯಾವಾಗ ಲಾಗಿನ್ ಆದರು, ಯಾವ ವಿಡಿಯೊ ನೋಡಿದರು, ಕ್ವಿಜ್ ಎಷ್ಟು ಸಲ ಮಾಡಿದರು, ಎಲ್ಲಾ ಇದೆ. ಯಾರು ಫೇಲ್ ಆಗಬಹುದು ಅಂತ ಊಹಿಸುವ ಮಾಡೆಲ್ ಕೂಡ ಚೆನ್ನಾಗಿಯೇ ಬಂದಿದೆ. ಆದರೆ ನನ್ನ ಗೈಡ್, "ಇದರಲ್ಲಿ ಕಲಿಕೆಯ ಸಿದ್ಧಾಂತ ಎಲ್ಲಿದೆ?" ಅಂತ ಕೇಳುತ್ತಾರೆ. ಮೊದಲ ಅಧ್ಯಾಯಕ್ಕೆ ಎರಡು ಪುಟ ಥಿಯರಿ ಸೇರಿಸಿದರೆ ಸಾಕಲ್ವಾ?

ಉತ್ತರ: ಸಾಕಾಗಲ್ಲ. ಗೈಡ್ ಕೇಳುತ್ತಿರುವುದು ಸರಿಯಾದ ಪ್ರಶ್ನೆ. ಥಿಯರಿ ಬೇಕಾಗುವುದು ಮೊದಲ ಅಧ್ಯಾಯದ ಅಲಂಕಾರಕ್ಕಲ್ಲ, ಲಾಗ್‌ನಿಂದ ಏನನ್ನು ಎಣಿಸಬೇಕು ಅಂತ ತೀರ್ಮಾನಿಸುವಾಗ.

ಇಬ್ಬರು ವಿದ್ಯಾರ್ಥಿಗಳು ಕೋರ್ಸಿನಲ್ಲಿ ತಲಾ ಒಟ್ಟು 4 ಗಂಟೆ ಕಳೆದಿದ್ದಾರೆ ಅಂದುಕೊಳ್ಳಿ. ಒಬ್ಬರು ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಸಮನೆ ಕೂತು ಮುಗಿಸಿದ್ದಾರೆ, ಇನ್ನೊಬ್ಬರು ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಓದಿದ್ದಾರೆ. ನಿಮ್ಮ 'ಒಟ್ಟು ಸಮಯ' ಕಾಲಮ್‌ನಲ್ಲಿ ಇಬ್ಬರೂ ಒಂದೇ! ಬಿಡುವು ಕೊಟ್ಟು ಓದಿದರೆ ಚೆನ್ನಾಗಿ ನೆನಪಿರುತ್ತದೆ ಅನ್ನೋದನ್ನು ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದರು. ಅದು ತಲೆಯಲ್ಲಿದ್ದರೆ ನೀವು ಒಟ್ಟು ಗಂಟೆಯ ಬದಲು ಒಂದು ಸೆಷನ್‌ಗೂ ಇನ್ನೊಂದಕ್ಕೂ ಎಷ್ಟು ದಿನದ ಅಂತರ ಅಂತ ಲೆಕ್ಕ ಹಾಕುತ್ತೀರಿ. ಡೇಟಾ ಅದೇ, ಕಾಲಮ್ ಬೇರೆ.

ಯಾವಾಗ ಅಳೆಯಬೇಕು ಅನ್ನೋದನ್ನೂ ಥಿಯರಿಯೇ ಹೇಳುತ್ತದೆ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ, 5 ನಿಮಿಷದ ನಂತರ ಪರೀಕ್ಷಿಸಿದಾಗ ಪಾಠವನ್ನು ಮತ್ತೆ ಓದಿದವರು ಮುಂದಿದ್ದರು, ಒಂದು ವಾರದ ನಂತರ ನೋಡಿದರೆ ಓದಿದ್ದನ್ನು ನೆನಪಿಸಿಕೊಂಡು ಬರೆದು ಅಭ್ಯಾಸ ಮಾಡಿದವರು ಮುಂದಿದ್ದರು. ಹಾಗಾಗಿ ವಿಡಿಯೊ ಮುಗಿದ ತಕ್ಷಣ ಬರುವ ಕ್ವಿಜ್ ಅಂಕವನ್ನೇ 'ಕಲಿಕೆ' ಅಂತ ಇಟ್ಟುಕೊಂಡರೆ, ಮತ್ತೆ ಮತ್ತೆ ವಿಡಿಯೊ ನೋಡುವುದೇ ಒಳ್ಳೆಯದು ಅಂತ ನಿಮ್ಮ ಮಾಡೆಲ್ ಹೇಳಿಬಿಡಬಹುದು.

ಇನ್ನು ವಿಡಿಯೊವನ್ನು ಮಧ್ಯದಲ್ಲಿ ನಿಲ್ಲಿಸುವುದು. ಅರ್ಥವಾಗದೆ ನಿಲ್ಲಿಸಿದರೋ, ನೋಟ್ಸ್ ಬರೆಯಲೋ, ಫೋನ್ ಬಂತೋ? ಕ್ಲಿಕ್ ನೋಡಿದರೆ ಗೊತ್ತಾಗಲ್ಲ. ಇಲ್ಲಿ ಶಿಕ್ಷಣ ಮನೋವಿಜ್ಞಾನಿ ಝಿಮ್ಮರ್‌ಮನ್ ಅವರ ಸ್ವಯಂ ನಿಯಂತ್ರಿತ ಕಲಿಕೆಯ ಮಾದರಿ ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಯೋಜನೆ ಹಾಕುವುದು, ಕೆಲಸ ಮಾಡುವುದು, ಆಮೇಲೆ ತಾನು ಮಾಡಿದ್ದನ್ನು ತಾನೇ ಪರಿಶೀಲಿಸುವುದು, ಈ ಮೂರು ಹಂತ ಅದರಲ್ಲಿವೆ. ಆಗ ನೀವು ಬಿಡಿ ಕ್ಲಿಕ್‌ಗಳನ್ನು ಬಿಟ್ಟು ಅವು ಬಂದ ಕ್ರಮವನ್ನು ನೋಡುತ್ತೀರಿ: ಕ್ವಿಜ್‌ನಲ್ಲಿ ಉತ್ತರ ತಪ್ಪಾದ ಮೇಲೆ ಆ ವಿದ್ಯಾರ್ಥಿ ಅದೇ ಭಾಗದ ವಿಡಿಯೊಗೆ ವಾಪಸ್ ಹೋದರಾ, ಅಥವಾ ಸುಮ್ನೆ ಇನ್ನೊಂದು ಆಯ್ಕೆ ಒತ್ತಿದರಾ? ನಿಮ್ಮ ಊಹೆ ಸರಿಯಾ ಅಂತ ನೋಡಲು ಕೆಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಓದುತ್ತಾ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಿಸಿ. ಇದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ದಯವಿಟ್ಟು ಬಿಡಬೇಡಿ.

ಮಾಡೆಲ್ ಚೆನ್ನಾಗಿ ಬಂದಿದೆ ಅಂದಿರಿ, ಸಂತೋಷ. ಆದರೆ ಕಲಿಕೆಯ ಡೇಟಾ ಅಧ್ಯಯನ ಮಾಡುವ ಗಾಶೆವಿಚ್ ಮತ್ತು ಸಂಗಡಿಗರು 2016ರಲ್ಲಿ 9 ಕೋರ್ಸ್‌ಗಳ ಡೇಟಾ ಹೋಲಿಸಿದಾಗ, ಒಂದು ಕೋರ್ಸಿನಲ್ಲಿ ಫಲಿತಾಂಶವನ್ನು ಊಹಿಸಿದ ಚಟುವಟಿಕೆ ಇನ್ನೊಂದರಲ್ಲಿ ಎಷ್ಟೋ ಸಲ ಕೆಲಸಕ್ಕೆ ಬರಲಿಲ್ಲ. ಪಾಠವನ್ನು ಹೇಗೆ ರೂಪಿಸಿದ್ದಾರೆ ಅನ್ನೋದರ ಮೇಲೆ ಅದು ಬದಲಾಗುತ್ತದೆ.

ಈಗ ನಿಮ್ಮ ಕಾಲಮ್‌ಗಳ ಪಟ್ಟಿ ತೆಗೆದು, ಪ್ರತಿಯೊಂದರ ಮುಂದೆಯೂ ಅದು ಕಲಿಕೆಯ ಬಗ್ಗೆ ಏನು ಹೇಳುತ್ತದೆ, ಯಾಕೆ ಅಂತ ಒಂದು ಸಾಲು ಬರೆಯಿರಿ. ಬರೆಯಲು ಏನೂ ಸಿಗದ ಕಾಲಮ್‌ಗಳನ್ನು ತೆಗೆದು ಮಾಡೆಲ್ ಮತ್ತೆ ಓಡಿಸಿ. ನಿಖರತೆ ಸ್ವಲ್ಪ ಇಳಿದರೂ ಪರವಾಗಿಲ್ಲ, ಆ ಪಟ್ಟಿಯನ್ನೇ ಗೈಡ್‌ಗೆ ತೋರಿಸಿ.